ಗಣಿತದ ಇಂಗ್ಲಿಷು: 6ರಿಂದ 8ನೇ ತರಗತಿ ಮಕ್ಕಳ ಪದಸಂಪತ್ತು ಬೆಳೆಸುವ ಬಗೆ

ಕನ್ನಡದಲ್ಲಿ ಲೆಕ್ಕ ಕಲಿತು ಬಂದ ಮಗು ಆರಕ್ಕೋ ಎಂಟಕ್ಕೋ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿತು, ಗಣಿತದ ಅಂಕ ಕುಸಿಯಿತು ಅಂದರೆ ಮಗ್ಗಿ ಬಾಯಿಪಾಠ ಹೇಳಿಸಲು ಹೋಗಬೇಡಿ. ತಪ್ಪಿದ ಲೆಕ್ಕವನ್ನೇ ಕನ್ನಡದಲ್ಲಿ ಓದಿ ಹೇಳಿ. ಸರಸರ ಮಾಡಿ ಮುಗಿಸಿತೋ, ತೊಡಕು ಪದದಲ್ಲಿದೆ. ಆಗಲೂ ಪೆನ್ನು ಕಚ್ಚಿಕೊಂಡು ಕೂತಿತೋ, ತೊಡಕು ಲೆಕ್ಕದಲ್ಲೇ ಇದೆ, ಎಷ್ಟು ಪದ ಕಲಿಸಿದರೂ ಅದು ಸರಿಹೋಗದು.

ಇದನ್ನು ಇಡೀ ತರಗತಿಗೆ ಮಾಡಲು ಎರಡು ದಿನ ಸಾಕು. ಹಿಂದಿನ ವರ್ಷದ ಪುಸ್ತಕದಿಂದ ಐದು ವಾಕ್ಯರೂಪದ ಲೆಕ್ಕ ಆರಿಸಿ. ಮೊದಲ ದಿನ ಇಂಗ್ಲಿಷಿನಲ್ಲಿ ಕೊಡಿ, ಮರುದಿನ ಅಂಕಿಗಳನ್ನಷ್ಟೇ ಬದಲಿಸಿ ಕನ್ನಡದಲ್ಲಿ ಕೊಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎರಡೂ ಮಾಧ್ಯಮದ ಗಣಿತ ಪುಸ್ತಕಗಳು ಸಿಗುವುದರಿಂದ ನೀವೇ ಕೂತು ಅನುವಾದಿಸಬೇಕಿಲ್ಲ. ಕನ್ನಡದಲ್ಲಿ ನಾಲ್ಕು ಸರಿ, ಇಂಗ್ಲಿಷಿನಲ್ಲಿ ಒಂದೇ ಸರಿ ಬಂದ ಮಕ್ಕಳಿಗಾಗಿ ಮುಂದಿನ ಕೆಲಸ. ಎರಡರಲ್ಲೂ ಒಂದೇ ಬಂದವರಿಗೆ ಮೊದಲು ಭಿನ್ನರಾಶಿ, ಭಾಗಾಕಾರಗಳ ಪಾಠ ಬೇಕು.

ಯಾವ ಪದ ಆರಿಸಬೇಕು

ಅಧ್ಯಾಯದ ಕೊನೆಯಲ್ಲಿರುವ ಪದಪಟ್ಟಿಯನ್ನು ಬರೆಸಿಬಿಟ್ಟರೆ ಆಯಿತು ಅಂದುಕೊಳ್ಳುವವರು ಬಹಳ. ಆ ಪಟ್ಟಿಯಲ್ಲಿ ಇರುವುದು ಹೆಚ್ಚಾಗಿ ನ್ಯೂಮರೇಟರ್, ಕೋಎಫಿಶಿಯೆಂಟ್, ಪ್ಯಾರಲಲೋಗ್ರಾಮ್‌ನಂಥ ಪದಗಳು. ನೋಡಲು ಉದ್ದ, ಕಲಿಸಲು ಸಲೀಸು. ಪ್ರತಿಯೊಂದಕ್ಕೂ ಒಂದೇ ಅರ್ಥ, ಕನ್ನಡದಲ್ಲೂ ಸಿದ್ಧ ಹೆಸರಿದೆ: ಅಂಶ, ಸಹಗುಣಕ, ಸಮಾಂತರ ಚತುರ್ಭುಜ. ಹೊಸ ಪದ ಅಂತ ಮಗುವಿಗೇ ಗೊತ್ತಿರುತ್ತದೆ, ಆದ್ದರಿಂದ ಕೇಳುತ್ತದೆ.

ಕಾಡುವುದು ಗೊತ್ತಿರುವ ಪದಗಳೇ. ಪವರ್ ಅಂದರೆ ಕರೆಂಟು, ಹೋಗುತ್ತದೆ, ಬರುತ್ತದೆ. ವಾಲ್ಯೂಮ್ ಅಂದರೆ ಟಿವಿಯ ಸದ್ದು. ಡಿಗ್ರಿ ಅಂದರೆ ಅಕ್ಕ ಓದುತ್ತಿರುವ ಬಿ.ಕಾಂ. ಇಂಟರೆಸ್ಟ್ ಅಂದರೆ ಆಸಕ್ತಿ, ಪ್ರಿನ್ಸಿಪಾಲ್ ಅಂದರೆ ಪಿಯು ಕಾಲೇಜಿನವರು, ಟೇಬಲ್ ಅಂದರೆ ಮೇಜು. ಕನ್ನಡದ ಮನೆಮಾತಿನಲ್ಲೇ ಈ ಅರ್ಥಗಳು ಬೇರೂರಿವೆ. ಹಾಗಾಗಿ ಘಾತ, ಘನಫಲ, ಕೋನದ ಅಳತೆ, ಬಡ್ಡಿ, ಅಸಲು, ಕೋಷ್ಟಕ ಎಂಬ ಗಣಿತದ ಅರ್ಥ ಒಳಗೆ ಬರಲು ಜಾಗವೇ ಇರುವುದಿಲ್ಲ. ಪದ ಗೊತ್ತಿದೆ ಅನ್ನಿಸುವುದರಿಂದ ಮಗು ಕೇಳುವುದೂ ಇಲ್ಲ. ಪ್ರಾಡಕ್ಟ್, ಮೀನ್, ಆಡ್, ಈವನ್, ರೈಟ್, ನೆಟ್, ಫೇಸ್, ರೂಟ್, ಸಿಮಿಲರ್, ಎಕ್ಸ್‌ಪ್ರೆಶನ್ ಇವೆಲ್ಲ ಇದೇ ಗುಂಪಿನವು.

ಮೂರನೆಯದು ಎಲ್ಲ ವಿಷಯದಲ್ಲೂ ಬರುವ, ಯಾರೂ ಕಲಿಸದ ಪದಗಳು: ಎಸ್ಟಿಮೇಟ್, ಕಂಪೇರ್, ರೆಪ್ರೆಸೆಂಟ್, ಜಸ್ಟಿಫೈ, ಸಪೋಸ್, ಹೆನ್ಸ್, ರೆಸ್ಪೆಕ್ಟಿವ್ಲಿ. ಗಣಿತದವರು ಇದು ಇಂಗ್ಲಿಷಿನವರ ಕೆಲಸ ಅನ್ನುತ್ತಾರೆ, ಇಂಗ್ಲಿಷಿನವರು ಇದು ಪಾಠದಲ್ಲೇ ಇಲ್ಲ ಅನ್ನುತ್ತಾರೆ.

ವಾರಕ್ಕೆ ಎಂಟು ಪದ ಸಾಕು: ಮೊದಲ ಗುಂಪಿನಿಂದ ಎರಡು, ಎರಡನೆಯದರಿಂದ ನಾಲ್ಕು, ಮೂರನೆಯದರಿಂದ ಎರಡು. ಪರೀಕ್ಷೆ, ರಜೆ, ಕ್ರೀಡಾಕೂಟ ಕಳೆದು ವರ್ಷದಲ್ಲಿ 30 ವಾರ ಸಿಕ್ಕರೂ 240 ಪದ ಆಗುತ್ತದೆ. ಹದಿನೈದಕ್ಕೆ ಏರಿಸುವ ಆಸೆ ಬರುತ್ತದೆ. ಏರಿಸಿದರೆ ಪುನರಾವರ್ತನೆಗೆ ಹೊತ್ತು ಸಿಗದೆ ಎಲ್ಲವೂ ಅರ್ಧಂಬರ್ಧ ಉಳಿಯುತ್ತವೆ.

ಸಣ್ಣ ಪದಗಳು

ವಾಕ್ಯರೂಪದ ಲೆಕ್ಕದಲ್ಲಿ ಮಕ್ಕಳು ಎಡವುವುದು ಎರಡರಿಂದ ನಾಲ್ಕು ಅಕ್ಷರದ ಪದಗಳಲ್ಲಿ. ಇವನ್ನು ಎಂಟರ ಲೆಕ್ಕಕ್ಕೆ ಸೇರಿಸದೆ, ಜೂನ್‌ನಿಂದ ದಸರಾ ರಜೆಯವರೆಗೆ ಬೇರೆಯಾಗಿಯೇ ಕಲಿಸಿ.

ಫ್ರಮ್ ಮತ್ತು ದ್ಯಾನ್‌ನಿಂದ ಶುರುಮಾಡಿ. ಕನ್ನಡದಲ್ಲಿ ‘12ರಿಂದ 7 ಕಳೆ’ ಅಂದರೆ ಹೇಳಿದ ಸಾಲಿನಲ್ಲೇ 12 − 7 ಎಂದು ಬರೆಯಬಹುದು. ಇಂಗ್ಲಿಷಿನ ‘ಸಬ್‌ಟ್ರ್ಯಾಕ್ಟ್ 7 ಫ್ರಮ್ 12’ರಲ್ಲಿ ಸಾಲು ತಿರುಗಿದೆ, ಮಗು 7 − 12 ಬರೆಯುತ್ತದೆ. ‘5 ಲೆಸ್ ದ್ಯಾನ್ ಎಕ್ಸ್’ ಕೂಡ ಹಾಗೇ. ‘ಎಕ್ಸ್‌ಗಿಂತ 5 ಕಡಿಮೆ’ ಎಂದು ಕನ್ನಡದಲ್ಲಿ ಹೇಳಿಕೊಂಡರೆ ಎಕ್ಸ್ − 5 ತಾನಾಗಿ ಬರುತ್ತದೆ. ಆದ್ದರಿಂದ ಅಭ್ಯಾಸ ಹೀಗಿರಲಿ: ಇಂಗ್ಲಿಷ್ ವಾಕ್ಯ ಓದು, ಕನ್ನಡದಲ್ಲಿ ಹೇಳು, ಕನ್ನಡದ ಸಾಲಿನಲ್ಲಿ ಬರೆ. ಬೀಜಗಣಿತ ಶುರುವಾಗುವ ಹೊತ್ತಿಗೆ ಇದು ಕೈಗೆ ಹತ್ತಿರಬೇಕು. ಜೊತೆಗೆ ‘5 ಈಸ್ ಲೆಸ್ ದ್ಯಾನ್ ಎಕ್ಸ್’ ಎಂಬುದನ್ನು ಪಕ್ಕದಲ್ಲೇ ಇಟ್ಟು ತೋರಿಸಿ. ನಡುವೆ ಒಂದು ‘ಈಸ್’ ಬಂದದ್ದಕ್ಕೆ ಕಳೆಯುವ ಲೆಕ್ಕ ಹೋಗಿ 5 < ಎಕ್ಸ್ ಎಂಬ ಹೋಲಿಕೆ ಆಯಿತು.

ಇಂಟು ನಮ್ಮವರೇ ಕಟ್ಟಿಕೊಂಡ ತೊಂದರೆ. ನಮ್ಮ ತರಗತಿಗಳಲ್ಲಿ 4 × 3 ಅನ್ನು ‘ಫೋರ್ ಇಂಟು ತ್ರೀ’ ಅಂತಲೇ ಓದುವುದು. ಆಮೇಲೆ ‘ಡಿವೈಡ್ ದ ರೋಪ್ ಇಂಟು ಫೋರ್ ಈಕ್ವಲ್ ಪಾರ್ಟ್ಸ್’ ಎಂಬ ವಾಕ್ಯ ಬಂದರೆ ಇಂಟು ಕಂಡ ಮಗು ಗುಣಿಸಿಬಿಡುತ್ತದೆ. ಆರನೇ ತರಗತಿಯಿಂದಲೇ ಗುಣಾಕಾರಕ್ಕೆ ‘ಫೋರ್ ಟೈಮ್ಸ್ ತ್ರೀ’ ಅಂತ ನೀವೇ ಓದಿ. ಮನೆಯಲ್ಲಿ, ಟ್ಯೂಷನ್‌ನಲ್ಲಿ ಇಂಟು ನಿಲ್ಲುವುದಿಲ್ಲ, ಅದನ್ನು ಬೈಯುತ್ತ ಕೂರಬೇಡಿ. ಎರಡೂ ಗೊತ್ತಿದ್ದರೆ ಆಯಿತು.

ಬೈ ಎಂಬುದಕ್ಕೆ ಕನಿಷ್ಠ ನಾಲ್ಕು ಕೆಲಸ. ‘ತ್ರೀ ಬೈ ಫೋರ್’ ಭಿನ್ನರಾಶಿ, ‘ಮಲ್ಟಿಪ್ಲೈ ಬೈ ಫೋರ್’ ಗುಣಾಕಾರ, ‘30 ಬೈ 40 ಸೈಟ್’ ಉದ್ದ-ಅಗಲ, ‘ಇನ್‌ಕ್ರೀಸ್ಡ್ ಬೈ 100’ ಏರಿಕೆ. ಕೊನೆಯದನ್ನು ‘ಇನ್‌ಕ್ರೀಸ್ಡ್ ಟು 100’ ಜೊತೆ ಇಟ್ಟು ಕಲಿಸಿ. 80 ರೂಪಾಯಿಯ ವಸ್ತು 100 ರೂಪಾಯಿ ಏರಿದರೆ 180, 100 ರೂಪಾಯಿಗೆ ಏರಿದರೆ 100. ಕನ್ನಡದಲ್ಲಿ ‘ಗೆ’ ಮಾಡುವ ಕೆಲಸವನ್ನು ಅಲ್ಲಿ ‘ಟು’ ಮಾಡುತ್ತದೆ ಎಂದರೆ ಮಕ್ಕಳಿಗೆ ಸಾಕು.

ಅಟ್ ಲೀಸ್ಟ್ ಕೇಳಿದ ಮಗು ಲೀಸ್ಟ್ ಅಂದರೆ ಕಡಿಮೆ ಅಂದುಕೊಂಡು ‘5ಕ್ಕಿಂತ ಕಡಿಮೆ’ ಬರೆಯುತ್ತದೆ. ಮತ ಹಾಕಲು ಕನಿಷ್ಠ 18 ವರ್ಷ, ಅಂದರೆ 18, 19, 60 ಎಲ್ಲವೂ ನಡೆಯುತ್ತದೆ, 17 ನಡೆಯದು. ಅಟ್ ಮೋಸ್ಟ್‌ಗೆ ಆಟೋದಲ್ಲಿ ಗರಿಷ್ಠ ಮೂವರು. ಈ ಎರಡು ಉದಾಹರಣೆ ಗೋಡೆಯ ಮೇಲೆ ವರ್ಷವಿಡೀ ಇರಲಿ.

ಭಿನ್ನರಾಶಿಯಲ್ಲಿ ಮಾತ್ರ ಕನ್ನಡದ ಸಾಲೇ ಉಲ್ಟಾ. ‘ಮೂರನೇ ಎರಡರಷ್ಟು ಬಹುಮತ’ ಎಂದು ಪತ್ರಿಕೆ ಬರೆದಾಗ ಛೇದ ಮೊದಲು, ಅಂಶ ಆಮೇಲೆ. ‘ಟೂ ಥರ್ಡ್ಸ್’ನಲ್ಲಿ ಅಂಶ ಮೊದಲು. ‘ಮೂರನೇ ಎರಡು’ ಎಂದು ಕಲಿತ ಮಗು 3/2 ಬರೆದರೆ ಅದು ಅಜಾಗರೂಕತೆ ಅಲ್ಲ. ಜೊತೆಗೆ ‘ಟೂ ಬೈ ತ್ರೀ’ ಎಂದು ಓದುವ ಅಭ್ಯಾಸ ಕಡಿಮೆ ಮಾಡಿ. ಪ್ರಶ್ನೆಪತ್ರಿಕೆಯಲ್ಲಿ ಅಕ್ಷರದಲ್ಲಿ ಬಂದಾಗ ‘ಟೂ ಥರ್ಡ್ಸ್’ ಎಂದೇ ಇರುತ್ತದೆ. ದಶಮಾಂಶ ಬಂದಾಗ ಟೆನ್ಸ್ ಮತ್ತು ಟೆನ್ತ್ಸ್, ಹಂಡ್ರೆಡ್ಸ್ ಮತ್ತು ಹಂಡ್ರೆಡ್ತ್ಸ್ ಕಿವಿಗೆ ಒಂದೇ ಥರ ಕೇಳುತ್ತವೆ. ಬಾಯಲ್ಲಿ ಹೇಳುವಾಗ ಬೆರಳಿನಿಂದ ಸ್ಥಾನವನ್ನೂ ಮುಟ್ಟಿ ತೋರಿಸಿ, ಮಕ್ಕಳಿಂದಲೂ ಮುಟ್ಟಿಸಿ.

ಪದದ ಚೀಟಿ

ಒಂದು ಪದಕ್ಕೆ ಒಂದು ಚೀಟಿ. ಹಳೆಯ ಮದುವೆ ಕರೆಯೋಲೆಯ ಖಾಲಿ ಬದಿಯನ್ನು 10 × 15 ಸೆಂ.ಮೀ. ಅಳತೆಗೆ ಕತ್ತರಿಸಿದರೆ ಖರ್ಚಿಲ್ಲದ ಗಟ್ಟಿ ಚೀಟಿ. ನಡುವೆ ಪದ ಬರೆದು ಸುತ್ತ ನಾಲ್ಕು ಮನೆ ಮಾಡಿ. ನಾಲ್ಕು ಮನೆಯ ಈ ವಿಧಾನ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1969ರಲ್ಲಿ ರೂಪುಗೊಂಡದ್ದು, ಫ್ರೇಯರ್ ಮಾದರಿ ಎಂದೇ ಹೆಸರು. ಇಲ್ಲಿ ನಮ್ಮ ಮಕ್ಕಳಿಗೆ ತಕ್ಕಂತೆ ಸ್ವಲ್ಪ ಬದಲಿಸಿದೆ.

ಫ್ಯಾಕ್ಟರ್ ಪದದ ಚೀಟಿ ಹೀಗಿರುತ್ತದೆ. ಮೊದಲ ಮನೆಯಲ್ಲಿ ಕನ್ನಡದ ಹೆಸರು ‘ಅಪವರ್ತನ’ ಮತ್ತು ಚಿತ್ರ: 12 ಚುಕ್ಕಿ, 3 ಸಾಲು, ಸಾಲಿಗೆ 4. ಎರಡನೆಯದರಲ್ಲಿ ಹೌದು ಎನ್ನುವ ಉದಾಹರಣೆ: 12ರ ಫ್ಯಾಕ್ಟರ್‌ಗಳು 1, 2, 3, 4, 6, 12. ಮೂರನೆಯದರಲ್ಲಿ ಅಲ್ಲದವು, ಕಾರಣದ ಸಮೇತ: 5 ಅಲ್ಲ, 2 ಶೇಷ ಉಳಿಯುತ್ತದೆ, 24 ಅಲ್ಲ, ಅದು 12ಕ್ಕಿಂತ ದೊಡ್ಡದು. ನಾಲ್ಕನೆಯದರಲ್ಲಿ ‘ಬಿಕಾಸ್’ ಇರುವ ಒಂದು ಪೂರ್ಣ ಇಂಗ್ಲಿಷ್ ವಾಕ್ಯ: ‘ತ್ರೀ ಈಸ್ ಎ ಫ್ಯಾಕ್ಟರ್ ಆಫ್ ಟ್ವೆಲ್ವ್ ಬಿಕಾಸ್ ಟ್ವೆಲ್ವ್ ಡಿವೈಡೆಡ್ ಬೈ ತ್ರೀ ಲೀವ್ಸ್ ನೋ ರಿಮೇಂಡರ್’. ಹಿಂಬದಿಯಲ್ಲಿ ಇಂಗ್ಲಿಷ್ ಅವಧಿಗೆಂದು ಇನ್ನೊಂದು ಅರ್ಥ: ‘ರೇನ್ ವಾಸ್ ಎ ಫ್ಯಾಕ್ಟರ್ ಇನ್ ದ ಡಿಲೇ’, ಇಲ್ಲಿ ಕಾರಣ.

ಮೂರನೇ ಮನೆಯನ್ನು ಖಾಲಿ ಬಿಡುವವರೇ ಹೆಚ್ಚು. ಅರ್ಥ ಗಟ್ಟಿಯಾಗುವುದು ಅಲ್ಲೇ. ವ್ಯಾಖ್ಯೆ ಬರೆಸಬೇಡಿ ಎಂದಲ್ಲ, ಕೊನೆಯಲ್ಲಿ ಬರೆಸಿ. ಉದಾಹರಣೆಗಳನ್ನು ವಿಂಗಡಿಸಿದ ಮೇಲೆ ಮಗು ತಾನೇ ಹೇಳುವ ವ್ಯಾಖ್ಯೆ ಒರಟಾಗಿದ್ದರೂ ನೆನಪಿರುತ್ತದೆ.

ಇಂಗ್ಲಿಷ್ ಪದವನ್ನು ಒಡೆದು ನೋಡುವುದು ಮೊದಲ ಗುಂಪಿನ ಪದಗಳಿಗೆ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ನಮ್ಮ ಸಂಸ್ಕೃತದ ಪದಗಳೂ ಹಾಗೇ ಒಡೆಯುತ್ತವೆ: ಟ್ರೈ-ಆ್ಯಂಗಲ್ ತ್ರಿ-ಕೋನ, ಕ್ವಾಡ್ರಿ-ಲ್ಯಾಟರಲ್ ಚತುರ್-ಭುಜ, ಈಕ್ವಿ-ಲ್ಯಾಟರಲ್ ಸಮ-ಬಾಹು, ಪರ್-ಸೆಂಟ್ ಪ್ರತಿ-ಶತ. ನ್ಯೂಮರೇಟರ್ ಅಂದರೆ ಎಣಿಸುವುದು, ಎಷ್ಟು ತುಂಡು ಎಂದು. ಡಿನಾಮಿನೇಟರ್ ಅಂದರೆ ಹೆಸರಿಡುವುದು, ಯಾವ ಗಾತ್ರದ ತುಂಡು ಎಂದು. ಇದೇ ತಂತ್ರವನ್ನು ಎರಡನೇ ಗುಂಪಿನ ಮೇಲೆ ಹೇರಬೇಡಿ, ಅಲ್ಲಿ ಕೆಲಸಕ್ಕೆ ಬರುವುದು ಚಿತ್ರ ಮತ್ತು ಉದಾಹರಣೆ.

ಇಬ್ಬರು ಶಿಕ್ಷಕರು, ಒಂದೇ ಪಟ್ಟಿ

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಗಣಿತದವರೂ ಇಂಗ್ಲಿಷಿನವರೂ ಹದಿನೈದು ನಿಮಿಷ ಕೂತು ಮುಂದಿನ ವಾರದ ಎಂಟು ಪದ ಆರಿಸಿಕೊಳ್ಳಿ. ಒಬ್ಬರೇ ಎರಡನ್ನೂ ತೆಗೆದುಕೊಳ್ಳುವ ಶಾಲೆಗಳೂ ಇವೆ, ಅಲ್ಲಿ ಈ ಮಾತುಕತೆಯ ಹೊತ್ತು ಉಳಿಯಿತು.

ಸೋಮವಾರ ಮತ್ತು ಮಂಗಳವಾರ ಗಣಿತದ ಅವಧಿಯಲ್ಲಿ ದಿನಕ್ಕೆ ಮೂರು ಪದ, ಪದಕ್ಕೆ ಮೂರು ನಿಮಿಷ. ಕರಿಹಲಗೆಯ ಮೇಲೆ ಹೌದು-ಅಲ್ಲ ಎಂಬ ಎರಡು ಕಂಬ, ನೀವು ಹೇಳಿದ ಉದಾಹರಣೆ ಯಾವುದಕ್ಕೆ ಸೇರುತ್ತದೆಂದು ಮಕ್ಕಳು ಹೇಳಬೇಕು, ಯಾಕೆಂದೂ ಹೇಳಬೇಕು. ಕಾರಣವನ್ನು ಮೊದಲು ಕನ್ನಡದಲ್ಲೇ ಹೇಳಲಿ. ಅರ್ಥ ಆಗುವುದು ಕನ್ನಡದಲ್ಲಿ, ಪರೀಕ್ಷೆಯಲ್ಲಿ ಬರೆಯುವುದು ಇಂಗ್ಲಿಷಿನಲ್ಲಿ, ಎರಡಕ್ಕೂ ಜಾಗ ಬೇಕು. ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಯಲ್ಲಿ ಈ ಕೆಲಸ ಆಗುವುದಿಲ್ಲ. ಬುಧವಾರ ಇಂಗ್ಲಿಷ್ ಅವಧಿಯಲ್ಲಿ ಮೂರನೇ ಗುಂಪಿನ ಎರಡು ಪದ ಮತ್ತು ಪದದ ಬಳಗ: ಡಿವೈಡ್ ಕ್ರಿಯೆ, ಡಿವಿಜನ್ ಅದರ ಹೆಸರು, ಡಿವೈಸರ್ ಭಾಜಕ, ಡಿವಿಡೆಂಡ್ ಭಾಜ್ಯ, ಡಿವಿಸಿಬಲ್ ಗುಣವಾಚಕ. ವ್ಯಾಕರಣದ ಪಾಠಕ್ಕೆ ಬೇರೆ ಉದಾಹರಣೆ ಹುಡುಕುವ ಕಷ್ಟವೂ ತಪ್ಪುತ್ತದೆ. ಗುರುವಾರ ಇಂಗ್ಲಿಷ್ ಅವಧಿಯಲ್ಲಿ ಜೋಡಿಯಾಗಿ ಚೀಟಿಯ ನಾಲ್ಕನೇ ಮನೆ ತುಂಬುವುದು. ಶುಕ್ರವಾರ ಹತ್ತು ನಿಮಿಷದ ಪರೀಕ್ಷೆ.

ಚೀಟಿಗಳಿಗೆ ಒಂದು ಚಪ್ಪಲಿ ಡಬ್ಬಿ, ಒಳಗೆ ರಟ್ಟಿನಿಂದ ಮೂರು ವಿಭಾಗ. ಹೊಸ ಚೀಟಿ ಮೊದಲನೆಯದರಲ್ಲಿ, ಅದನ್ನು ದಿನವೂ ತೆಗೆಯಬೇಕು. ಸರಿ ಹೇಳಿದರೆ ಎರಡಕ್ಕೆ, ವಾರಕ್ಕೊಮ್ಮೆ. ಅಲ್ಲೂ ಸರಿಯಾದರೆ ಮೂರಕ್ಕೆ, ತಿಂಗಳಿಗೊಮ್ಮೆ. ತಪ್ಪಿದರೆ ಯಾವ ವಿಭಾಗದಿಂದಲೇ ಆಗಲಿ ಒಂದಕ್ಕೆ ವಾಪಸು. 40 ಮಕ್ಕಳಿರುವ ತರಗತಿಯಲ್ಲಿ ಐದು ಮಕ್ಕಳ ಗುಂಪಿಗೊಂದು ಡಬ್ಬಿಯಂತೆ ಎಂಟು ಸಾಕು.

ಒಂದು ಲೆಕ್ಕವನ್ನು ಬಿಡಿಸುವುದು

ವಾರಕ್ಕೆ ಒಂದೇ ಒಂದು ವಾಕ್ಯರೂಪದ ಲೆಕ್ಕವನ್ನು ಇಂಗ್ಲಿಷ್ ಅವಧಿಯಲ್ಲಿ, ಉತ್ತರ ಕೇಳದೆ, ಬರೀ ಓದಿಸಿ. ಉದಾಹರಣೆಗೆ: ‘ಎ ಶಾಪ್‌ಕೀಪರ್ ಹ್ಯಾಡ್ 48 ಕೆಜಿ ಆಫ್ ರೈಸ್. ಹೀ ಸೋಲ್ಡ್ ತ್ರೀ ಏಯ್ತ್ಸ್ ಆಫ್ ಇಟ್ ಆನ್ ಮಂಡೇ ಅಂಡ್ ಒನ್ ಥರ್ಡ್ ಆಫ್ ದ ರಿಮೇಂಡರ್ ಆನ್ ಟ್ಯೂಸ್‌ಡೇ. ಹೌ ಮಚ್ ರೈಸ್ ಈಸ್ ಲೆಫ್ಟ್?’

ಮೊದಲ ಓದಿನಲ್ಲಿ ಕಥೆ ಮಾತ್ರ: ಯಾರು, ಏನು, ಎಷ್ಟು ದಿನ. ಎರಡನೇ ಓದಿನಲ್ಲಿ ‘ಆಫ್’ ಎಲ್ಲೆಲ್ಲಿದೆ ಹುಡುಕಿ. ಮೂರು ಕಡೆ ಇದೆ. ‘48 ಕೆಜಿ ಆಫ್ ರೈಸ್’ನಲ್ಲಿ ಅದಕ್ಕೆ ಲೆಕ್ಕದ ಕೆಲಸವಿಲ್ಲ. ಉಳಿದೆರಡರಲ್ಲಿ ಭಿನ್ನರಾಶಿಯ ಬೆನ್ನಿಗೆ ಬಂದದ್ದರಿಂದ ಗುಣಾಕಾರ. ‘ಆಫ್ ಅಂದರೆ ಗುಣಿಸು’ ಎಂದು ಬಾಯಿಪಾಠ ಮಾಡಿಸಿದ್ದರೆ ಮೊದಲ ವಾಕ್ಯದಲ್ಲೇ ಮಗು ತಡವರಿಸುತ್ತದೆ. ಮೂರನೇ ಓದಿನಲ್ಲಿ ‘ಇಟ್’ ಅಂದರೆ ಯಾವುದು, ‘ರಿಮೇಂಡರ್’ ಅಂದರೆ ಯಾವುದು ಎಂದು ಬಾಣ ಎಳೆಸಿ. ಭಾಗಾಕಾರದ ಶೇಷ ಅಲ್ಲ, ಸೋಮವಾರ ಮಾರಿದ ಮೇಲೆ ಮಿಕ್ಕ ಅಕ್ಕಿ. ‘ಲೆಫ್ಟ್’ ಎಡಗಡೆಯದಲ್ಲ. ಆಮೇಲೆ ಗಣಿತದ ಅವಧಿಯಲ್ಲಿ ಲೆಕ್ಕ: 48ರಲ್ಲಿ 18 ಮಾರಿತು, 30 ಉಳಿಯಿತು, ಅದರಲ್ಲಿ 10 ಮಾರಿತು, ಉಳಿದದ್ದು 20 ಕೆಜಿ.

ತಪ್ಪು ಉತ್ತರವನ್ನು ಅಡ್ಡಗೆರೆ ಎಳೆದು ಬಿಡಬೇಡಿ, ಯಾವ ಪದ ಜಾರಿತು ಎಂದು ಅದೇ ಹೇಳುತ್ತದೆ. 14 ಬಂದಿದ್ದರೆ ಮಗು ಎರಡನೇ ಸಲವೂ 48ರಲ್ಲೇ ಮೂರನೇ ಒಂದು ಭಾಗ ತೆಗೆದಿದೆ, ‘ರಿಮೇಂಡರ್’ ತಪ್ಪಿದೆ. 28 ಬಂದಿದ್ದರೆ ಮಾರಿದ್ದನ್ನು ಕೂಡಿಸಿ ನಿಂತಿದೆ, ‘ಲೆಫ್ಟ್’ ತಪ್ಪಿದೆ. ಎರಡು ಮಕ್ಕಳಿಗೂ ಭಿನ್ನರಾಶಿ ಬರುತ್ತದೆ.

ಕೆಡುವುದು ಎಲ್ಲಿ

‘ಟೋಟಲ್ ಅಂದರೆ ಕೂಡು, ಲೆಫ್ಟ್ ಅಂದರೆ ಕಳೆ, ಮೋರ್ ಅಂದರೆ ಕೂಡು’ ಎಂಬ ಚಾರ್ಟು ಅನೇಕ ತರಗತಿಗಳ ಗೋಡೆಯಲ್ಲಿದೆ. ತೆಗೆದುಹಾಕಿ. ‘ರವಿ ಹ್ಯಾಸ್ 12 ಮಾರ್ಬಲ್ಸ್, ವಿಚ್ ಈಸ್ 5 ಮೋರ್ ದ್ಯಾನ್ ಸಲ್ಮಾ ಹ್ಯಾಸ್’ ಎಂದಾಗ ಸಲ್ಮಾಳ ಬಳಿ ಇರುವುದು 7. ಚಾರ್ಟು ನಂಬಿದ ಮಗು 17 ಬರೆಯುತ್ತದೆ, ಅದೂ ಪೂರ್ತಿ ಧೈರ್ಯದಿಂದ.

ಜೋಡಿ ಪದಗಳನ್ನು ಒಂದೇ ದಿನ ಕಲಿಸಿದರೆ ವರ್ಷವಿಡೀ ಅದಲುಬದಲಾಗುತ್ತವೆ. ಫ್ಯಾಕ್ಟರ್ ಮತ್ತು ಮಲ್ಟಿಪಲ್, ಕಾಂಪ್ಲಿಮೆಂಟರಿ ಮತ್ತು ಸಪ್ಲಿಮೆಂಟರಿ, ಪೆರಿಮೀಟರ್ ಮತ್ತು ಏರಿಯಾ. ಮೊದಲನೆಯದು ಚೀಟಿ ಡಬ್ಬಿಯ ಎರಡನೇ ವಿಭಾಗಕ್ಕೆ ಹೋದ ಮೇಲೆ ಇನ್ನೊಂದನ್ನು ತನ್ನಿ. ಇಲ್ಲಿ ಕನ್ನಡವೂ ಕೈಹಿಡಿಯುವುದಿಲ್ಲ, ಅಪವರ್ತನ-ಅಪವರ್ತ್ಯ, ಪೂರಕ-ಪರಿಪೂರಕ ಅವುಗಳಿಗಿಂತ ಹೆಚ್ಚು ಅಂಟಿಕೊಂಡಿವೆ. ಸಂಖ್ಯೆಗಳನ್ನೇ ನಂಬಿ: 6ರ ಫ್ಯಾಕ್ಟರ್‌ಗಳು 1, 2, 3, 6ಕ್ಕೆ ಮುಗಿಯುತ್ತವೆ, ಮಲ್ಟಿಪಲ್‌ಗಳು 6, 12, 18 ಎಂದು ಮುಗಿಯುವುದೇ ಇಲ್ಲ. ಇನ್ನೊಂದು ಜಾಗ್ರತೆ: ಕೋಷೆಂಟ್‌ಗೂ ಭಾಗಲಬ್ಧ, ರ‍್ಯಾಷನಲ್ ನಂಬರ್‌ಗೂ ಭಾಗಲಬ್ಧ ಸಂಖ್ಯೆ. ಏಳನೇ ತರಗತಿಯಲ್ಲಿ ಎರಡನೆಯದು ಬಂದ ದಿನವೇ ಈ ಎರಡನ್ನು ಬೇರ್ಪಡಿಸಿ ಹೇಳಿ.

ಪದಗೋಡೆ ಚೆಂದವಾಗಿ ಅಂಟಿಸಿ ಮರೆತುಬಿಟ್ಟರೆ ಅದು ಬರೀ ಅಲಂಕಾರ. ಅಟ್ ಲೀಸ್ಟ್, ಅಟ್ ಮೋಸ್ಟ್ ಉದಾಹರಣೆಗಳನ್ನು ಬಿಟ್ಟರೆ ಗೋಡೆಯಲ್ಲಿ ಈ ತಿಂಗಳ ಪದ ಮಾತ್ರ ಇರಲಿ, ಉತ್ತರ ಹೇಳುವ ಮಗು ಅದರಲ್ಲಿ ಒಂದನ್ನಾದರೂ ಬಳಸಲಿ.

ಶುಕ್ರವಾರದ ಪರೀಕ್ಷೆಯಲ್ಲಿ ‘ಡಿಫೈನ್’ ಬೇಡ. ನಾಲ್ಕು ಪ್ರಶ್ನೆ ಸಾಕು: ಒಂದು ಚಿತ್ರ ಬರೆ, ಈ ನಾಲ್ಕರಲ್ಲಿ ಯಾವುದು ಸೇರದು, ಸರಿಯೋ ತಪ್ಪೋ ಕಾರಣದ ಸಮೇತ ಹೇಳು, ‘ಬಿಕಾಸ್’ ಇಟ್ಟು ಒಂದು ವಾಕ್ಯ ಬರೆ. ಕಾಗುಣಿತ ತಪ್ಪಿದರೆ ತಿದ್ದಿ, ಅಂಕ ಕಳೆಯಬೇಡಿ. ಹೆಸರಿನ ಪಟ್ಟಿಯಲ್ಲಿ ಪದದ ಎದುರು ಮೂರು ಗುರುತು ಇಟ್ಟುಕೊಳ್ಳಿ: ಕಂಡು ಗುರುತಿಸುತ್ತದೆ, ಬಾಯಲ್ಲಿ ಬಳಸುತ್ತದೆ, ಬರೆಯುತ್ತದೆ. ಎರಡನೆಯದಕ್ಕೆ ಬಂದು ಮೂರನೆಯದಕ್ಕೆ ಹೋಗದ ಮಕ್ಕಳು ಬಹಳ ಸಿಗುತ್ತಾರೆ. ಅವರಿಗೆ ಬೇಕಿರುವುದು ಹೊಸ ಪದವಲ್ಲ, ‘___ ಈಸ್ ಎ ___ ಬಿಕಾಸ್ ___’ ಎಂಬ ಖಾಲಿ ಬಿಟ್ಟ ವಾಕ್ಯದ ಚೌಕಟ್ಟು.

ಮನೆಯಲ್ಲಿ

ಅಪ್ಪ-ಅಮ್ಮನಿಗೆ ಇಂಗ್ಲಿಷ್ ಬರಬೇಕಿಲ್ಲ. ಚೀಟಿ ಕೈಗೆ ತೆಗೆದುಕೊಂಡು ‘ಇದಕ್ಕೊಂದು ಉದಾಹರಣೆ ಹೇಳು, ಇದಲ್ಲದ್ದು ಒಂದು ಹೇಳು, ಯಾಕಲ್ಲ?’ ಎಂದು ಕೇಳಿದರೆ ಸಾಕು. ಹಾಲಿನ ಪ್ಯಾಕೆಟ್ಟಿನ 500 ಮಿ.ಲೀ., ಬಿಸ್ಕತ್ತಿನ ಪೊಟ್ಟಣದ ನೆಟ್ ವೆಯ್ಟ್, ಕರೆಂಟ್ ಬಿಲ್ಲಿನ ‘ಪರ್ ಯೂನಿಟ್’ ಓದಿಸಬಹುದು. ಪರ್ ಎಂಬ ಪದಕ್ಕೆ ಕ್ರಿಕೆಟ್ಟಿಗಿಂತ ಒಳ್ಳೆಯ ಪಾಠ ಇಲ್ಲ: ರನ್ಸ್ ಪರ್ ಓವರ್, ಆವರೇಜ್, ರಿಕ್ವೈರ್ಡ್ ರನ್ ರೇಟ್ ಎಲ್ಲವೂ ಮಕ್ಕಳ ಬಾಯಲ್ಲೇ ಇವೆ. ಒಂದೇ ಎಚ್ಚರ: ಪರದೆಯ ಮೇಲೆ 12.3 ಓವರ್ ಅಂದರೆ 12 ಓವರ್ ಮತ್ತು 3 ಎಸೆತ, ಅಂದರೆ ಹನ್ನೆರಡೂವರೆ. ರನ್ ರೇಟ್ ತೆಗೆಯುವಾಗ 12.5ರಿಂದ ಭಾಗಿಸಬೇಕು.